ಬಾನುಬಿಯ ಬರ್ಫಿನ ಪೆಟ್ಟಿಗೆ

ಜನವರಿಯಲ್ಲಿ ಸುಲಿದ ಹಸಿ ತೊಗರಿಕಾಳನ್ನು ಜೂನ್ ತಿಂಗಳಲ್ಲಿ ತಿಂದರೆ ಎರಡೂವರೆ ವರ್ಷದ ಮಗುವಿಗೆ ಏನಾಗುತ್ತದೆ?

ವಿದ್ಯಾವತಿ ಬೆಳಗಿನಿಂದ ಇದೊಂದನ್ನೇ ತಲೆಯಲ್ಲಿ ಹೊತ್ತುಕೊಂಡು ಮನೆ ತುಂಬ ತಿರುಗುತ್ತಿದ್ದಳು. ಬೆರಳು ಮಡಚಿ ತಿಂಗಳು ಎಣಿಸಿದಳು. ಐದು ಮುಗಿದು ಆರನೆಯದು ನಡೆದಿತ್ತು. ಮಗಳ ಹಣೆ ಮುಟ್ಟಿದಳು, ತಣ್ಣಗಿತ್ತು. ಹೊಟ್ಟೆ ಒತ್ತಿ ನೋಡಿದಳು, ಮಗು ಕಚಗುಳಿ ಇಟ್ಟರೆಂದು ನಕ್ಕಿತು. ನಕ್ಕದ್ದೂ ಅವಳಿಗೆ ಸಮಾಧಾನ ತರಲಿಲ್ಲ. ಕೆಲವು ತೊಂದರೆಗಳು ಎರಡನೆಯ ದಿನ ಕಾಣಿಸಿಕೊಳ್ಳುತ್ತವೆ ಎಂದು ಅವಳು ಓದಿದ್ದಳು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಕಣ್ಣಿಗೆ ಕಾಣದ್ದರ ಭಯ ಹೆಚ್ಚು.

ಹಿಂದಿನ ಸಂಜೆ ನಡೆದದ್ದು ಇಷ್ಟೇ. ಹೊಸ್ತಿಲಲ್ಲಿ ಆಡುತ್ತಿದ್ದ ಈಶು ಕಣ್ಣು ತಪ್ಪಿಸಿ ಎದುರುಮನೆಗೆ ಹೋಗಿದ್ದಳು. ವಿದ್ಯಾವತಿ ಓಡಿಹೋಗಿ ನೋಡಿದರೆ, ಮಗಳು ಬಾನುಬಿ ಚಾಚಿಯ ಹೊಲಿಗೆ ಯಂತ್ರದ ಪಕ್ಕ ಮಡಚಿದ ಕೌದಿಯ ಮೇಲೆ ಕೂತು ಊಟ ಮಾಡುತ್ತಿದ್ದಳು. ಬಟ್ಟಲಲ್ಲಿ ಚೂರು ಮಾಡಿದ ಕಡಕ್ ರೊಟ್ಟಿ, ಅದರ ಮೇಲೆ ಹಸಿ ತೊಗರಿಕಾಳಿನ ತಿಳಿಸಾರು. ಮನೆಯಲ್ಲಿ ಒಂದು ತಾಸು ಮೊಬೈಲ್ ತೋರಿಸಿದರೆ ಮೂರು ಚಮಚ ತಿನ್ನುವ ಹುಡುಗಿ ತಾನೇ ಕೈಯಿಂದ ಬಾಚಿ ಬಾಚಿ ಬಟ್ಟಲು ಖಾಲಿ ಮಾಡಿದಳು. ವಿದ್ಯಾವತಿಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಕೇಳಬಾರದ್ದನ್ನು ಕೇಳಿದಳು.

"ಈ ಕಾಲದಲ್ಲಿ ಹಸಿ ತೊಗರಿ ಎಲ್ಲಿ ಸಿಕ್ಕಿತು ಚಾಚಿ?"

"ಈ ಕಾಲದಾಗ ಎಲ್ಲಿ ಸಿಗ್ತದ ಬೇಟಿ. ಎಳ್ಳ ಅಮಾಸಿ ಟೈಮಿಗಿ ಸುಲ್ದು ಇಟ್ಟಿದ್ದು."

ಅಲ್ಲಿಗೆ ಅವಳ ನಿದ್ದೆ ಹಾರಿಹೋಯಿತು.

ನಿದ್ದೆ ಕೆಡಲು ಬೇರೆ ಕಾರಣವೂ ಇತ್ತು. ಅಫಜಲಪುರದ ಕಾಲೇಜೊಂದರಲ್ಲಿ ಅವಳಿಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಇನ್ನು ಹನ್ನೆರಡು ದಿನಕ್ಕೆ, ಸೋಮವಾರ, ಹಾಜರಾಗಬೇಕು. ಆಳಂದದಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿದರೆ ಮನೆಗೆ ಬರುವಾಗ ಸಂಜೆ ಆರು. ಗಂಡ ಶಿವಪ್ರಕಾಶನಿಗೆ ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಕೆಲಸ. ಹತ್ತಕ್ಕೆ ಹೋದರೆ ತೊಗರಿ ಆವಕದ ದಿನ ಯಾವಾಗ ಬರುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಜೇವರ್ಗಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವ ಅತ್ತೆ ಹೀರಾಬಾಯಿ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು.

"ಐತವಾರ ನಾ ಬಂದು ಕೂಸಿಗಿ ಕರ್ಕೊಂಡ ಹೋಗ್ತೇನಿ. ಇಲ್ಲಿ ಆಡ್ಲಿಕ್ಕಿ ಮಕ್ಕಳವ. ದೀಪಾವಳಿಗಿ ಬಂದು ಒಯ್ಯಿ."

ವಿದ್ಯಾವತಿ "ಹೂಂ" ಎಂದಿದ್ದಳು. ದೀಪಾವಳಿಗೆ ಇನ್ನೂ ಐದು ತಿಂಗಳು. ಮಗಳಿಲ್ಲದೆ ಐದು ತಿಂಗಳು ಇರಲಾರೆ ಎಂದು ಅತ್ತೆಗೆ ಹೇಳುವ ಧೈರ್ಯ ಅವಳಿಗಿಲ್ಲ. ಹೇಳಿದರೆ, "ಹಂಗಾರ ನೀ ಇಲ್ಲದಾಗ ಕೂಸಿಗಿ ಯಾರು ಉಣಸ್ತಾರ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಶಿವಪ್ರಕಾಶನನ್ನು ಕೇಳಿದರೆ, "ನಮ್ಮವ್ವಗ ನಾ ಹೇಳಂಗಿಲ್ಲಪ. ಬೇಕಾದ್ರ ನೀ ಹೇಳು" ಎಂದು ಪೇಪರು ಮುಖಕ್ಕೆ ಹಿಡಿಯುತ್ತಿದ್ದ.

ಎರಡನೆಯ ದಿನವೂ ಈಶುವಿಗೆ ಏನೂ ಆಗಲಿಲ್ಲ. ಆಗ ಭಯದ ಜಾಗಕ್ಕೆ ಕುತೂಹಲ ಬಂತು. ಆರು ತಿಂಗಳು ಆ ಕಾಳು ಕೆಡದೆ ಉಳಿದದ್ದಾದರೂ ಹೇಗೆ? ವಿದ್ಯಾವತಿ ಒಂದು ಹರಿದ ದಿಂಬಿನ ಚೀಲ ಹುಡುಕಿಕೊಂಡು, ಹೊಲಿಸುವ ನೆಪ ಮಾಡಿ, ಎದುರುಮನೆಗೆ ಹೋದಳು.

ಬಾನುಬಿಗೆ ಐವತ್ತೈದು ದಾಟಿತ್ತು. ಮುಂದಿನ ಕೋಣೆಯಲ್ಲಿ ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಗೋಡೆಗೆ ಆತು ಒಂದು ದೊಡ್ಡ ನೀಲಿ ಪೆಟ್ಟಿಗೆ. ಮೇಲೆ ಹಿಮಕರಡಿಯ ಚಿತ್ರವಿತ್ತು. ಕರಡಿಯ ಮುಖ ಮಾಸಿ ಹೋಗಿ ಈಗ ಅದು ಕುರಿಯಂತೆ ಕಾಣುತ್ತಿತ್ತು. ಬಾನುಬಿಯ ಯಜಮಾನರು ಇಪ್ಪತ್ತು ವರ್ಷ ಐಸ್‌ಕ್ಯಾಂಡಿ ಮಾಡಿ ಶಾಲೆಗಳ ಮುಂದೆ ಮಾರಿದವರು. ಅಂಗಡಿಗಳಿಗೆ ಕಂಪನಿಯ ಐಸ್‌ಕ್ರೀಮು ಬಂದ ಮೇಲೆ ವ್ಯಾಪಾರ ನಿಂತಿತು, ಅವರ ಮೊಣಕಾಲೂ ನಿಂತವು. ಪೆಟ್ಟಿಗೆ ಮಾತ್ರ ಉಳಿಯಿತು. ಓಣಿಯವರು ಅದಕ್ಕೆ ಫ್ರೀಜರು ಎನ್ನುವುದಿಲ್ಲ, ಬರ್ಫಿನ ಪೆಟಗಿ ಎನ್ನುತ್ತಾರೆ.

"ಒಳಗೆ ಒಂದು ಸಲ ನೋಡಬಹುದಾ ಚಾಚಿ?"

"ನೋಡಬಹುದು. ಐದು ಗಂಟಿಗಿ ಬಾ."

"ಈಗ ಮೂರು."

"ಅದಕ್ಕೇ ಹೇಳಾಕತ್ತೇನಿ. ಮುಚ್ಚಳ ದಿನಕ್ಕ ಎರಡೇ ಸಲ ತಗೀತೇನಿ. ಮುಂಜಾನಿ ಹತ್ತಕ್ಕ, ಸಂಜಿ ಐದಕ್ಕ. ನಡುವ ಕಲೆಕ್ಟರ್ ಬಂದ್ರೂ ತಗಿಯಂಗಿಲ್ಲ."

ಐದಕ್ಕೆ ಹೋದಾಗ ಓಣಿಯ ನಾಲ್ಕೈದು ಹೆಂಗಸರು ಆಗಲೇ ಬಟ್ಟಲು ಹಿಡಿದು ನಿಂತಿದ್ದರು. ಬಾನುಬಿ ಮುಚ್ಚಳ ಎತ್ತಿದಳು. ಬಿಳಿ ಹೊಗೆ ಎದ್ದು ಇಳಿಯಿತು. ಒಳಗೆ ಸಾಲಾಗಿ ಪ್ಲಾಸ್ಟಿಕ್ ಚೀಲಗಳು: ಹಸಿ ತೊಗರಿ, ಹಸಿ ಕಡಲೆ, ಒಂದೆರಡರಲ್ಲಿ ಎಳೆಯ ಜೋಳದ ಸೀತನಿ. ಯಾವ ಚೀಲದ ಮೇಲೂ ಹೆಸರಿಲ್ಲ. ಪ್ರತಿ ಚೀಲದ ಬಾಯಿಗೂ ಒಂದೊಂದು ಬಣ್ಣದ ರವಿಕೆ ಬಟ್ಟೆಯ ಪಟ್ಟಿ ಕಟ್ಟಿತ್ತು.

"ಯಾವುದು ಯಾರದು ಅಂತ ಹೇಗೆ ಗೊತ್ತಾಗುತ್ತೆ?"

"ನನಗ ಓದ್ಲಿಕ್ಕಿ ಬರಂಗಿಲ್ಲ ಬೇಟಿ, ಹೊಲೀಲಿಕ್ಕಿ ಬರ್ತದ. ಇದು ನೇರಳಿ ಹೂವಿಂದು ಶಿವಕಾಂತಾಂದು, ಮಗಳ ಲಗ್ನದಾಗ ಹೊಲಿಸಿದ ಜಂಪರ. ಇದು ಹಸರ ಗೆರಿ, ಹಿಟ್ಟಿನ ಗಿರಣಿಯವರದು. ತಮ್ಮ ಜಂಪರದ ಅರವಿ ಯಾರು ಮರೀತಾರ?"

ಪಕ್ಕದಲ್ಲಿದ್ದ ಶಿವಕಾಂತಾ ನಕ್ಕಳು. ಆಕೆ ಓಣಿಯ ಕೊನೆಯ ಮನೆಯವಳು, ಹಂಚಿನ ಮುಂದೆ ಕೂತು ರೊಟ್ಟಿ ಬಡಿದು ಮಾರುವವಳು. "ಈಕಿ ಅರವಿ ಉಳಿಸಿಕೊಳ್ಳಾಕೇ ನಮ್ಮ ಜಂಪರ ಬಿಗಿ ಹೊಲೀತಾಳ" ಎಂದಳು.

"ನೀ ದಪ್ಪ ಆದ್ರ ಅದು ನನ್ನ ತಪ್ಪೇನಬೇ?" ಎಂದು ಬಾನುಬಿ ನೇರಳೆ ಪಟ್ಟಿಯ ಚೀಲ ಬಿಚ್ಚಿ, ಗೋಲಿಯಂತೆ ಬಿಡಿಬಿಡಿಯಾಗಿದ್ದ ಕಾಳನ್ನು ಅವಳ ಬಟ್ಟಲಿಗೆ ಸುರಿದಳು. ಆಮೇಲೆ ವಿದ್ಯಾವತಿಯ ಕಡೆ ತಿರುಗಿ, "ನೀ ರೆಡಿಮೇಡ್ ಹಾಕ್ಕೋತಿ. ಅದಕ್ಕ ಇದರಾಗ ನಿಂದೊಂದು ಗಂಟಿಲ್ಲ" ಎಂದಳು.

ಇದೆಲ್ಲ ಶುರುವಾದದ್ದೂ ಶಿವಕಾಂತಾಳಿಂದಲೇ. ಹನ್ನೊಂದು ವರ್ಷದ ಹಿಂದೆ ನಿಂಬರ್ಗಾದ ತವರಿನಿಂದ ಒಂದು ಚೀಲ ಹಸಿ ತೊಗರಿಕಾಯಿ ತಂದು, ಸುಲಿದ ಮೇಲೆ ಕಾಳು ಇಡುವುದಕ್ಕೆ ಜಾಗ ಸಾಲದೆ ಬಾನುಬಿಯ ಖಾಲಿ ಪೆಟ್ಟಿಗೆ ಕೇಳಿದ್ದಳು. ಮರುವರ್ಷ ಹದಿನಾಲ್ಕು ಮನೆಯವರು ಕೇಳಿದರು. ಮೊದಲ ದಿನವೇ ಆದ ಕರಾರು ಎರಡು. ಪೆಟ್ಟಿಗೆಯೊಳಗೆ ಯಾರೂ, ಬಾನುಬಿಯೂ ಸೇರಿ, ಮಾಂಸ ಇಡಬಾರದು. ಮತ್ತೆ, ಪ್ರತಿ ಚೀಲದಿಂದ ಬಾನುಬಿಗೆ ಒಂದು ಬೊಗಸೆ ಕಾಳು. ಈಶು ಉಂಡದ್ದು ಅಂಥ ಹದಿನಾಲ್ಕು ಮನೆಗಳ ಬೊಗಸೆ.

ವಿದ್ಯಾವತಿಗೆ ಇದು ಸಾಲಲಿಲ್ಲ. ಇಡುವ ಮುಂಚೆ ಏನು ಮಾಡುತ್ತೀರಿ ಎಂದು ಕೇಳಿದಳು.

"ಏನ್ ಮಾಡೋದು. ಒಂದು ಕುದಿ, ಒಂದು ತಣ್ಣೀರು, ಒಂದು ಅರವಿ. ಕುದಿಯೋ ನೀರಾಗ ಹಾಕಿ ಎಂಟತ್ತು ಸಲ 'ಬಿಸ್ಮಿಲ್ಲಾ' ಅನ್ನೋತನ ಬಿಡೋದು, ತಣ್ಣೀರಿಗಿ ಹಾಕೋದು, ಅರವಿ ಮ್ಯಾಲ ಹರವಿ ಒಣ ಮಾಡೋದು. ಹಸಿ ಇದ್ರ ಒಂದಕ್ಕೊಂದು ಹತ್ತಿ ಇಟ್ಟಂಗಿ ಆಗ್ತದ."

ವಿದ್ಯಾವತಿ ಇದನ್ನೇ ಪಠ್ಯದಲ್ಲಿ ಓದಿದ್ದಳು, ಚಿತ್ರ ಬರೆದು ಅಂಕ ತೆಗೆದುಕೊಂಡಿದ್ದಳು. ಒಂದು ದಿನವೂ ಮಾಡಿರಲಿಲ್ಲ.

ತಾನೂ ಏನನ್ನಾದರೂ ಕೆಡದಂತೆ ಇಡಲು ಹೋದದ್ದು ಆ ವಾರವೇ. ಶಿವಕಾಂತಾಳಿಂದ ಇಪ್ಪತ್ತೈದು ಕಡಕ್ ರೊಟ್ಟಿ ಕೊಂಡಳು. ಹಂಚಿನಿಂದ ಇಳಿದ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ದೂಳು ಕೂರಬಾರದು, ನೊಣ ಮುಟ್ಟಬಾರದು ಎಂದು ಗಾಳಿಯಾಡದ ಡಬ್ಬಿಯಲ್ಲಿ ಒತ್ತಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. ನಾಲ್ಕನೆಯ ದಿನ ತೆಗೆದರೆ ರೊಟ್ಟಿ ಚಪ್ಪಲಿಯ ಅಟ್ಟೆಯಂತೆ ಮೆತ್ತಗಾಗಿ, ಅಂಚಿಗೆ ಬೂಷ್ಟು ಹಿಡಿದಿತ್ತು. ಅಳು ಬಂತು. ಡಬ್ಬಿಯನ್ನೇ ಒಯ್ದು ಬಾನುಬಿಗೆ ತೋರಿಸಿದಳು.

ಬಾನುಬಿ ಮೂಸಿ ನೋಡಿ ಬದಿಗಿಟ್ಟಳು. "ರೊಟ್ಟಿಗಿ ಚಳಿ ಯಾಕ ಹಚ್ಚಿದಿ ಬೇಟಿ? ಅದಕ್ಕ ಗಾಳಿ ಬೇಕು." ಮೇಲೆ ತೋರಿಸಿದಳು. ತೊಲೆಯಿಂದ ಇಳಿಬಿಟ್ಟ ಬುಟ್ಟಿಯಲ್ಲಿ, ತೆಳ್ಳನೆಯ ಬಟ್ಟೆಯ ಕೆಳಗೆ ತಿಂಗಳ ಹಿಂದಿನ ರೊಟ್ಟಿ ಒಂದರ ಮೇಲೊಂದು ಕೂತಿದ್ದವು. ಒಂದನ್ನು ತೆಗೆದು ಬೆರಳಿನಿಂದ ಬಡಿದಳು, ತಟ್ಟೆ ಬಡಿದಂತೆ ಸದ್ದಾಯಿತು.

ಅವತ್ತು ವಿದ್ಯಾವತಿ ಆ ಅಡುಗೆಮನೆಯಲ್ಲಿ ಒಂದು ತಾಸು ನಿಂತಳು. ಇಲ್ಲಿಯವರು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿಯ ಭರಣಿ ಮುಚ್ಚಳ ತೆಗೆದು ಮೂಸಿದಳು. ಇದಕ್ಕೆ ಒದ್ದೆ ಚಮಚ ಹಾಕಿದರೆ? ಕೆಡುತ್ತದೆ, ಅದಕ್ಕೇ ಭರಣಿಯೊಳಗೇ ಕಟ್ಟಿಗೆಯ ಚಮಚ. ನೆರಳಲ್ಲಿ ಒಣಗಿಸಿದ ಪುಂಡಿ ಸೊಪ್ಪು ಕೈಯಲ್ಲಿ ಪುಡಿಯಾಯಿತು. ಇದನ್ನು ಬಿಸಿಲಿಗೆ ಯಾಕೆ ಹಾಕಲಿಲ್ಲ? ಬಣ್ಣ ಹೋಗುತ್ತದೆ, ಹುಳಿಯೂ ಹೋಗುತ್ತದೆ. ಕೇಳಿ ಕೇಳಿ ಬಾನುಬಿಗೆ ಸಾಕಾಯಿತು.

"ಪೊಲೀಸರೂ ಇಷ್ಟು ಕೇಳಂಗಿಲ್ಲ" ಎಂದಳು.

ಹೋಗುವಾಗ ವಿದ್ಯಾವತಿಯ ನಾಲಿಗೆ ತುದಿಗೆ ಮಾತು ಬಂದಿತ್ತು. ನಾನು ಅಫಜಲಪುರಕ್ಕೆ ಹೋದಾಗ ಈಶು ನಿಮ್ಮ ಹತ್ತಿರ ಇರಬಹುದೇ? ನುಂಗಿಕೊಂಡಳು. ಕೇಳಿದರೆ ಬಾನುಬಿ ಹೂಂ ಎನ್ನುತ್ತಾಳೆ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಒಂದು ದಿನ ಏನಾದರೂ ಕೆಟ್ಟರೆ, ಈಕೆ ಅದನ್ನು ಹೇಳುವವಳೋ, ಇರಲಿ ಬಿಡು ಎಂದು ಮಗುವಿನ ಬಟ್ಟಲಿಗೆ ಹಾಕುವವಳೋ? ಅದನ್ನು ಕೇಳಿ ತಿಳಿಯಲು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಬಾನುಬಿ ಚೀಲ ಹಿಡಿದು ಬಂದಳು. ಅವಳ ಮಗಳೂ ಜೇವರ್ಗಿಯಲ್ಲೇ ಇದ್ದಳು, ಅಲ್ಲಿ ಮೊಮ್ಮಗನಿಗೆ ಹೆಸರಿಡುವ ಕಾರ್ಯವಿತ್ತು. ಯಜಮಾನರನ್ನೂ ಕರೆದುಕೊಂಡು ಹೊರಟಿದ್ದಳು, ಬರುವುದು ಶುಕ್ರವಾರ.

"ಮನಿ ಕೀಲಿ ನಿನ್ನ ಕಡೆ ಇರ್ಲಿ. ಪೆಟಗಿ ಯಾರಿಗೂ ತಗೀಬ್ಯಾಡ, ನೀನೂ ತಗೀಬ್ಯಾಡ."

"ನನಗೇ ಯಾಕೆ ಕೊಡ್ತೀರಿ?"

"ಅದರಾಗ ನಿಂದೇನೂ ಇಲ್ಲಲ್ಲ, ಅದಕ್ಕ."

ಆ ವಾರ ಸೆಖೆ ವಿಪರೀತ. ಸೋಮವಾರ ಮಧ್ಯಾಹ್ನದಿಂದ ಬುಧವಾರ ಮಧ್ಯಾಹ್ನದವರೆಗೆ ಫ್ಯಾನು ತೂಕಡಿಸುತ್ತ ತಿರುಗಿತು, ಬಲ್ಬು ಹಳದಿಯಾಗಿ ಉರಿಯಿತು. ಎಲ್ಲರೂ ಬೈದುಕೊಂಡರು. ಬುಧವಾರ ಲೈನ್‌ಮನ್ ಬಂದು ಏನೋ ಸರಿ ಮಾಡಿ ಹೋದ ಮೇಲೆ ಫ್ಯಾನಿಗೆ ಜೀವ ಬಂತು. ವಿದ್ಯಾವತಿ ಬೀಗ ಎರಡು ಸಲ ಎಳೆದು ನೋಡಿದಳು, ಬಾಗಿಲು ತೆಗೆಯಲಿಲ್ಲ. ಹೇಳಿದಂತೆ ಮಾಡಿದ್ದೇನೆ ಎಂದುಕೊಂಡಳು.

ಶುಕ್ರವಾರ ಬಾನುಬಿ ಬಂದಳು. ನಾಲ್ಕು ದಿನ ಕಾಳಿಲ್ಲದೆ ಕಾದಿದ್ದ ಹೆಂಗಸರು ಐದಕ್ಕೆ ಮುಂಚೆಯೇ ನೆರೆದರು. ಮುಚ್ಚಳ ಎದ್ದಿತು, ಹೊಗೆ ಎದ್ದಿತು. ವಿದ್ಯಾವತಿ ಬಗ್ಗಿ ಒಂದು ಚೀಲ ಮುಟ್ಟಿದಳು. ಕಲ್ಲಿನಂತೆ ಗಟ್ಟಿ. ಅಬ್ಬ ಎಂದು ಉಸಿರು ಬಿಟ್ಟಳು.

ಬಾನುಬಿ ಚೀಲ ಮುಟ್ಟಲಿಲ್ಲ. ಮೂಲೆಗೆ ಕೈ ಹಾಕಿ ಒಂದು ಗಾಜಿನ ಗ್ಲಾಸು ತೆಗೆದಳು. ಅದರ ತುಂಬ ಬರ್ಫು. ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ಮತ್ತೆ ನೋಡಿದಳು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಏನಾತು ಬಾನಕ್ಕ?" ಎಂದಳು ಶಿವಕಾಂತಾ.

"ಗುಂಡಿ ಕೆಳಗ ಹೋಗ್ಯಾದ."

ಗ್ಲಾಸಿನ ತಳದಲ್ಲಿ, ಬರ್ಫಿನ ಕೆಳಗೆ, ಕೋಟಿನ ಒಂದು ಹಿತ್ತಾಳೆ ಗುಂಡಿ ಹೊಳೆಯುತ್ತಿತ್ತು. ಊರಿಗೆ ಹೋಗುವ ಮುಂಚೆ ಬಾನುಬಿ ಅದನ್ನು ಗಟ್ಟಿಯಾದ ಬರ್ಫಿನ ಮೇಲೆ ಇಟ್ಟಿದ್ದಳಂತೆ. ಬರ್ಫು ಕರಗದಿದ್ದರೆ ಅದು ಮೇಲೇ ಇರಬೇಕು. ಕೆಳಗೆ ಹೋಗಿದೆಯೆಂದರೆ, ಎಲ್ಲ ನೀರಾಗಿ ಮತ್ತೆ ಗಟ್ಟಿಯಾಗಿದೆ.

"ಕರೆಂಟ್ ಹೋಗೇ ಇಲ್ಲಲ್ಲ" ಎಂದಳು ಗಿರಣಿಯವರ ಹೆಂಡತಿ.

"ಫ್ಯಾನ್ ಹೆಂಗ ತಿರಗತಿದ್ವು?"

"ತಿರಗತಿದ್ವು, ಎಮ್ಮಿ ಬಾಲ ಆಡಿಸಿದಂಗ."

ಬಾನುಬಿ ಗೋಡೆಯ ಮೇಲಿನ ಸ್ಟೆಬಿಲೈಜರ್ ತೋರಿಸಿದಳು. "ಕರೆಂಟ್ ಕಮ್ಮಿ ಆದ್ರ ಇದು ತಾನೇ ಪೆಟಗಿ ಬಂದ್ ಮಾಡ್ತದ. ನಿಮ್ಮ ಬಲ್ಬ್ ಉರೀತಿದ್ವು, ನನ್ನ ಪೆಟಗಿ ಸತ್ತಿತ್ತು."

ವಿದ್ಯಾವತಿ ಸ್ಟೆಬಿಲೈಜರಿನ ಕಡೆ ನೋಡಿದಳು. ಎರಡು ದಿನ ಆ ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದಳು. ಕೀಲಿ ಅವಳ ಸೊಂಟದಲ್ಲೇ ಇತ್ತು.

"ಗುಂಡಿ ಮುಳುಗಿದ್ರ ಕಾಳಿಗೇನಾತು?" ಶಿವಕಾಂತಾ ತನ್ನ ನೇರಳೆ ಪಟ್ಟಿಯ ಚೀಲ ಎತ್ತಿ ಹಿಡಿದಳು. "ನೋಡು, ಕಲ್ಲಾಗ್ಯಾವ. ಮುಂದಿನ ವಾರ ಬೀಗರು ಬರಾಕತ್ತಾರ, ಅವರಿಗಂತ ಇಟ್ಟೀನಿ."

"ನೀರ ಕರಗಿದ ಮ್ಯಾಲ ಕಾಳ ಕರಗಲಾರ್ದ ಇರ್ತಾವೇನು? ಬೀಗರಿಗಿ ಬ್ಯಾರೆ ಏನಾರ ಮಾಡು. ಇವು ಬ್ಯಾಡ."

"ಬ್ಯಾರೆಯವರ ಕಾಳು ಚೆಲ್ಲಾಕ ಹಗುರ ಆಗ್ತದ."

ಬಾನುಬಿ ಗ್ಲಾಸನ್ನು ಹೊಲಿಗೆ ಯಂತ್ರದ ಮೇಲಿಟ್ಟಳು. ಶಿವಕಾಂತಾ ವಿದ್ಯಾವತಿಯ ಕಡೆ ತಿರುಗಿದಳು. "ನೀ ಓದಿದಾಕಿ ಹೇಳವ್ವ. ಇವು ಕೆಟ್ಟಾವೇನು? ವಾಸನಿ ಇಲ್ಲ, ಬಣ್ಣ ಹೋಗಿಲ್ಲ."

ಎಲ್ಲರೂ ಅವಳ ಮುಖ ನೋಡಿದರು. ಕರಗಿ, ಬೆಚ್ಚಗಾಗಿ, ಮತ್ತೆ ಗಟ್ಟಿಯಾದ ಆಹಾರದ ಬಗ್ಗೆ ವಿದ್ಯಾವತಿ ಒಂದು ಕಾಲದಲ್ಲಿ ಎರಡು ಪುಟ ಉತ್ತರ ಬರೆದಿದ್ದಳು. ಆದರೆ ಅವಳೊಬ್ಬಳೇ ಇದ್ದಿದ್ದರೆ ಈಗ ತಾನೇ ಮುಟ್ಟಿ ನೋಡಿದ ಚೀಲದಿಂದ ಕಾಳು ತೆಗೆದು ಮಗಳಿಗೆ ಬೇಯಿಸಿ ಹಾಕುತ್ತಿದ್ದಳು.

"ವಾಸನೆ ಬರಬೇಕಂತಿಲ್ಲ ಅಕ್ಕ" ಎಂದಳು. "ಚಾಚಿ ಹೇಳಿದ್ದು ಸರಿ. ಮಕ್ಕಳಿಗಂತೂ ಬೇಡವೇ ಬೇಡ."

ಬಾನುಬಿ ಎದ್ದು ಒಂದೊಂದೇ ಚೀಲ ಬಿಚ್ಚಿದಳು. ಪಟ್ಟಿಗಳನ್ನು ಮಡಚಿ ಯಂತ್ರದ ಖಾನೆಯಲ್ಲಿಟ್ಟಳು, ಕಾಳನ್ನು ಬುಟ್ಟಿಗೆ ಸುರಿದಳು. ಮೊದಲು ಸುರಿದದ್ದು ತನ್ನ ಬೊಗಸೆಯ ಚೀಲ. ಹಾಲು ಮಾರುವ ಹುಲೆಪ್ಪ ಬಂದು ಬುಟ್ಟಿ ಹೊತ್ತುಕೊಂಡ.

"ಎಮ್ಮಿಗಿ ಏನೂ ಆಗಂಗಿಲ್ಲೇನ್ರಿ ಚಾಚಿ?"

"ಚಂದಂಗ ಕುದಸಿ, ಆರಿಸಿ, ಸ್ವಲ್ಪ ಸ್ವಲ್ಪ ಹಾಕು. ಎಲ್ಲಾ ಒಂದೇ ದಿನ ಹಾಕಬ್ಯಾಡ."

ಶಿವಕಾಂತಾ ಖಾಲಿ ಬಟ್ಟಲು ಹಿಡಿದುಕೊಂಡು ಹೋದಳು. ಉಳಿದವರೂ ಗೊಣಗುತ್ತ ಹೋದರು. ವಿದ್ಯಾವತಿ ಒಬ್ಬಳೇ ನಿಂತು, ಒಣ ಬಟ್ಟೆಯಿಂದ ಪೆಟ್ಟಿಗೆಯ ಒಳಗನ್ನು ಒರೆಸಲು ಕೈ ಜೋಡಿಸಿದಳು.

"ಫ್ಯಾನು ನಿಧಾನ ಆದಾಗಲೇ ನಿಮಗೊಂದು ಫೋನ್ ಮಾಡಬೇಕಿತ್ತು. ನನಗೆ ಹೊಳೀಲೇ ಇಲ್ಲ."

"ನಾ ಹೇಳಿರಲಿಲ್ಲಲ್ಲ. ನಿನ್ನ ಮ್ಯಾಲ ಏನೂ ಇಲ್ಲ."

"ಗುಂಡಿ ಇಡೋದು ಯಾರು ಕಲಿಸಿದ್ದು ಚಾಚಿ?"

ಒಳಗಿನ ಮಂಚದಿಂದ ಯಜಮಾನರು ಕೆಮ್ಮಿದರು. ಬಾನುಬಿ ಅತ್ತ ಗದ್ದ ತೋರಿಸಿದಳು. "ಅವರ ಐಸ್‌ಕ್ಯಾಂಡಿ ಒಮ್ಮೆ ಕರಗಿ ಮತ್ತ ಗಟ್ಟಿ ಆದ್ರ ಕಡ್ಡಿ ಓರೆ ಆಗ್ತಿತ್ತು. ಓರೆ ಕಡ್ಡೀದು ಒಂದೂ ಮಾರಲಿಲ್ಲ. ಕಾಳಿಗಿ ಕಡ್ಡಿ ಇಲ್ಲಲ್ಲ, ಅದಕ್ಕ ನಾ ಗುಂಡಿ ಇಟ್ಟೆ." ಸ್ವಲ್ಪ ಹೊತ್ತು ಒರೆಸಿದಳು. "ನಾಕು ದಿನ ಜೇವರ್ಗ್ಯಾಗ ನನಗ ನಿದ್ದಿ ಹತ್ತಿಲ್ಲ ಬೇಟಿ. ಪೆಟಗಿ ಏನಾತೋ, ಪೆಟಗಿ ಏನಾತೋ. ಮಗಳು ಬೈದಳು, ಮೊಮ್ಮಗನ ಮುಖ ನೋಡವ್ವ ಅಂದಳು."

"ನೀವೂ ಇಷ್ಟು ಚಿಂತೆ ಮಾಡ್ತೀರಾ?"

"ಮಾಡಲಾರ್ದ? ಮಂದಿ ಮಕ್ಕಳ ಬಾಯಾಗ ಹೋಗೋದು ಅದು."

ವಿದ್ಯಾವತಿ ಒರೆಸುವುದನ್ನು ನಿಲ್ಲಿಸಿದಳು. ಚಿಂತೆ ಮಾಡುವವಳು ತಾನೊಬ್ಬಳೇ ಎಂದು ಮದುವೆಯಾಗಿ ಬಂದ ದಿನದಿಂದ ಕೇಳಿಸಿಕೊಂಡಿದ್ದಳು. ಗಂಡನೂ ಅತ್ತೆಯೂ ಅದನ್ನೇ ಹೇಳುತ್ತಿದ್ದರು. ಈ ಹೆಂಗಸು ತನಗಿಂತ ಹೆಚ್ಚು ಅಂಜುತ್ತಾಳೆ. ಅಂಜಿ ಸುಮ್ಮನೆ ಕೂರದೆ ಗುಂಡಿ ಇಡುತ್ತಾಳೆ, ಗುಂಡಿ ಮುಳುಗಿದರೆ ಓಣಿಯ ಬೈಗುಳಕ್ಕೆ ತಯಾರಾಗುತ್ತಾಳೆ.

"ಸೋಮವಾರದಿಂದ ಈಶುಗೆ ಮಧ್ಯಾಹ್ನದ ಊಟ ನೀವು ಹಾಕ್ತೀರಾ ಚಾಚಿ? ನಾನು ಬರೋದು ಸಂಜೆ ಆಗುತ್ತೆ."

ಬಾನುಬಿ ಖಾಲಿ ಪೆಟ್ಟಿಗೆ ನೋಡಿದಳು. "ಇವತ್ತ ಕೇಳಾಕತ್ತಿ? ಇಷ್ಟ ದಿನ ತುಂಬಿತ್ತು, ಆಗ ಕೇಳಲಿಲ್ಲ."

"ಇವತ್ತೇ ಕೇಳಬೇಕು ಅನ್ನಿಸ್ತು."

"ಹೂಂ ಅಂದ್ರ ಹೂಂ. ಆದ್ರ ಬಸವ್ವಗ ಬ್ಯಾರೆ ಪಾತ್ರಿ ಇಡ್ತೇನಿ. ನಿಮ್ಮತ್ತಿಗಿ ಅದು ಮೊದಲೇ ಹೇಳು." ಬಸವೇಶ್ವರಿ ಎಂಬ ಹೆಸರಿನ ಮಗು ಮನೆಯಲ್ಲಿ ಈಶು, ಓಣಿಯಲ್ಲಿ ಬಸವ್ವ.

ಶನಿವಾರ ವಿದ್ಯಾವತಿ ತನ್ನ ಅಡುಗೆಮನೆಯಲ್ಲೇ ಒಲೆ ಹಚ್ಚಿದಳು, ಬಾನುಬಿ ಬಾಗಿಲಲ್ಲಿ ಕೂತು ಹೇಳಿದಳು. ಒಂದು ಹಿಡಿ ತೊಗರಿಬೇಳೆ ಬೆಂದಿತು. ಒಣ ಪುಂಡಿ ಸೊಪ್ಪನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ಬೇಳೆಗೆ ಸೇರಿಸಿದ್ದಾಯಿತು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ, ಹುಳಿ ಮುರಿಯಲು ಒಂದು ಚೂರು ಬೆಲ್ಲ. ಅದರಲ್ಲಿ ಕಡಕ್ ರೊಟ್ಟಿ ಮುರಿದು ಹಾಕಿ ಮುಚ್ಚಿಟ್ಟರೆ ಐದು ನಿಮಿಷಕ್ಕೆ ಮೆತ್ತಗಾಯಿತು. ಅದರಲ್ಲಿ ತಾಜಾ ಎನ್ನುವಂಥದ್ದು ಏನೂ ಇರಲಿಲ್ಲ, ಬೆಳ್ಳುಳ್ಳಿಯೂ ಒಣಗಿದ್ದೇ. ಈಶು ಮೊದಲ ತುತ್ತಿಗೆ ಮುಖ ಹುಳ್ಳಗೆ ಮಾಡಿದಳು, ಎರಡನೆಯದಕ್ಕೆ ಬಾಯಿ ತೆರೆದಳು. ಬಟ್ಟಲು ಪೂರ್ತಿ ಖಾಲಿಯಾಗಲಿಲ್ಲ. ಮುಕ್ಕಾಲು ಹೋಯಿತು.

ಬಾನುಬಿ ಹೋದ ಮೇಲೆ ವಿದ್ಯಾವತಿ ಮೊಬೈಲ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮಗಳ ಬಾಯಿ ಒರೆಸಿದಳು, ಮತ್ತೆ ಎತ್ತಿಕೊಂಡಳು. ಜೇವರ್ಗಿಯಲ್ಲಿ ಅತ್ತೆಯ ಫೋನು ಆರು ಸಲ ಬಡಿದುಕೊಂಡಿತು.

"ಹಾಂ ವಿದ್ಯಾ. ಕೂಸಿನ ಅರವಿ ತುಂಬಿದೇನು? ನಾಳಿ ಮೊದಲ ಬಸ್ಸಿಗೇ ಬರ್ತೇನಿ."

"ಬನ್ನಿ ಅತ್ತೆ. ಎರಡು ದಿನ ಇದ್ದು ಹೋಗಿ. ಆದರೆ ಈಶು ಇಲ್ಲೇ ಇರ್ತಾಳೆ."

ಆ ಕಡೆ ಕುಕ್ಕರು ಒಂದು ಸೀಟಿ ಹೊಡೆದು ಸುಮ್ಮನಾಯಿತು.

"ಯಾರ ಕಡೆ ಬಿಡ್ತಿ?"

"ಎದುರುಮನೆ ಬಾನುಬಿ ಚಾಚಿ ಹತ್ತಿರ. ಬೇರೆ ಪಾತ್ರೆ ಇಟ್ಟು ಅಡುಗೆ ಮಾಡ್ತಾರೆ. ಮೊದಲೇ ನಿಮಗೆ ಹೇಳು ಅಂದರು."

"ನಾ ಅದು ಕೇಳಲಿಲ್ಲ." ಎಂದರು ಹೀರಾಬಾಯಿ. "ಕೂಸು ಏನ್ ತಿಂತದ ಅಲ್ಲಿ? ನಿನ್ನ ಕೈಯಾಗೇ ತಿನ್ನಂಗಿಲ್ಲ."

"ಇವತ್ತು ಪುಂಡಿಪಲ್ಯ, ರೊಟ್ಟಿ. ಹೋದ ವಾರ ಹಸಿ ತೊಗರಿ ತಿಂತಿದ್ದಳು. ನಿನ್ನೆ ಚಾಚಿ ಓಣಿಯವರ ಕಾಳೆಲ್ಲ ಹುಲೆಪ್ಪನ ಎಮ್ಮೆಗೆ ಕೊಟ್ಟುಬಿಟ್ಟರು."

"ಎಮ್ಮಿಗಿ? ಒಳ್ಳೆ ಕಾಳು ಎಮ್ಮಿಗಿ ಯಾಕ ಕೊಟ್ಟಾಳ?"

ವಿದ್ಯಾವತಿ ಕುರ್ಚಿ ಎಳೆದುಕೊಂಡು ಕೂತಳು.

"ಹೇಳ್ತೀನಿ ಅತ್ತೆ. ಕುಕ್ಕರ್ ಇಳಿಸಿ ಬನ್ನಿ, ಸ್ವಲ್ಪ ಹೊತ್ತು ಹಿಡಿಯುತ್ತೆ."